ಆಯುಧಪೂಜೆಯ ರಾತ್ರಿ ಬಂದ ಉತ್ತರ

ಬಿಳಿ ಸೀರೆ, ಗೆಜ್ಜೆ ಸದ್ದು, ಹುಣಸೆಮರ... ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ತಾತ್ಸಾರ. ಮುಳಬಾಗಿಲಿನ ನಮ್ಮ ಬೀದಿಯ ತುಂಬ ಅಂಥವರೇ ಇದ್ದರು. ಒಬ್ಬನೂ ತಾನೇ ಕಂಡದ್ದನ್ನು ಹೇಳಿದವನಲ್ಲ. ನಾನು ಹೇಳುವುದು ನಾನೇ ಕಂಡದ್ದು, ಕೈಯಾರೆ ಮುಟ್ಟಿದ್ದು.

ಎರಡು ಸಾವಿರದ ಇಸವಿಯ ಆಚೀಚೆ. ಮಾಲೂರಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಯೂನಿಕ್ಸ್ ಸರ್ವರ್ ನೋಡಿಕೊಳ್ಳುವ ಹಂಗಾಮಿ ಕೆಲಸ ನನ್ನದು. ಸರ್ವರ್‌ಗಳು ಎರಡು. ಹಳೆಯದರ ಕಡತಗಳನ್ನು ಹೊಸದು ತಂತಿಯ ಮೂಲಕ ತನ್ನವೇ ಎಂಬಂತೆ ಓದುತ್ತಿತ್ತು. ಆ ಜೋಡಣೆಗೆ ಮೌಂಟ್ ಎನ್ನುತ್ತೇವೆ. ಕಡತಗಳೆಲ್ಲ ಆಗಲೇ ಹೊಸದಕ್ಕೆ ನಕಲಾಗಿದ್ದವು. ಮೌಂಟ್ ಮಾತ್ರ ಉಳಿದಿತ್ತು. ಹಳೆಯದನ್ನು ಆರಿಸುವ ಮುಂಚೆ ಅದನ್ನು ಬಿಡಿಸಬೇಕು. ಇಲ್ಲದಿದ್ದರೆ ಹೊಸದು ಬಾರದ ಉತ್ತರಕ್ಕೆ ಕಾಯುತ್ತ ಕಲ್ಲಿನಂತೆ ಕೂತುಬಿಡುತ್ತದೆ.

ಮ್ಯಾನೇಜರ್ ಚಲಪತಿಗೆ ಇದನ್ನು ಹೇಳಿ ಹೇಳಿ ಸಾಕಾಗಿತ್ತು. ಆಯುಧಪೂಜೆಯ ಸಂಜೆ ಆ ಮಹಾನುಭಾವ ಹಳೆಯ ಸರ್ವರಿನ ಕರೆಂಟ್ ವೈರನ್ನೇ ಕಿತ್ತು, ಸುತ್ತಿ, ಪೂಜೆಯ ತಟ್ಟೆಯಲ್ಲಿಟ್ಟ. ಯಂತ್ರಕ್ಕೆ ಕುಂಕುಮ ಬಳಿದು ಚೆಂಡುಹೂವಿನ ಹಾರ ಹಾಕಿದ. ಹೊಸದು ಅಲ್ಲೇ ನಿಂತುಹೋಯಿತು. ವೈರು ಮತ್ತೆ ಸಿಕ್ಕಿಸಿ ಎಂದರೆ ಅವನು ರೇಗಿದ.

“ದೇವ್ರ ಮುಂದೆ ಮೌಂಟು ಗೀಂಟು ಅಂತೀಯಲ್ಲಯ್ಯಾ! ನಾಳೆ ವಿಜಯದಶಮಿ ಪೂಜೆ ಆಗೋವರ್ಗೂ ಇದನ್ನ ಮುಟ್ಟಂಗಿಲ್ಲ. ಬೆಳಗ್ಗೆ ಲಾರಿ ಚೀಟಿ ಪ್ರಿಂಟ್ ಆಗ್ಬೇಕು. ಆಗ್ಲಿಲ್ವಾ, ಖಾಲಿ ಲಾರಿ ಹತ್ತಿ ನೀನೇ ಹೋಗು. ನಂಗಲಿ ಗಡಿ ಆಚೆ ಇಳಿಸ್ತಾರೆ.”

ಲಾರಿಯ ಸರಕಿನ ಚೀಟಿ ಮುದ್ರಿಸುವುದು ಹೊಸ ಸರ್ವರೇ. ಅಂದರೆ, ಬೆಳಗಾಗುವುದರೊಳಗೆ ಮೌಂಟ್ ಬಿಡದಿದ್ದರೆ ನನ್ನ ಕೆಲಸ ಹೋದಂತೆ.

ರಾತ್ರಿ ಕೋಣೆಯಲ್ಲಿ ನಾನೊಬ್ಬನೇ. ಕರ್ಪೂರದ ವಾಸನೆ, ಒಡೆದ ಬೂದುಗುಂಬಳದ ಹಸಿ ವಾಸನೆ... ಪರದೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ: ಹಳೆಯ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ.

ಮೌಂಟ್ ಬಿಡಿಸುವ ಆಜ್ಞೆ ಕೊಟ್ಟೆ. ‘ಬಳಕೆಯಲ್ಲಿದೆ’ ಎಂದಿತು. ಓಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸಿದೆ. ಮತ್ತೆ ಕೊಟ್ಟೆ. ‘ಬಳಕೆಯಲ್ಲಿದೆ.’ ಹೊಸದನ್ನೇ ಆರಿಸಿ ಹಾಕೋಣವೆಂದರೆ ದಿನದ ಲೆಕ್ಕ ಅರ್ಧ ಬರೆದು ನಿಂತಿತ್ತು, ಅದೂ ಹಾಳಾದೀತು. ಪರದೆಯ ಮೇಲೆ ಕಣ್ಣಿಟ್ಟು ಕೂತೆ.

ಆಗ ಹೊಸ ಸಾಲೊಂದು ಮೂಡಿತು.

ಹಳೆಯ ಸರ್ವರ್ ಸರಿಯಾಗಿದೆ.

ಅಂದರೆ ಅದು ಉತ್ತರ ಕೊಟ್ಟಿದೆ. ತಿರುಗಿ ನೋಡಿದೆ. ಹಾರ ಹಾಗೇ ಇತ್ತು. ವೈರು ತಟ್ಟೆಯಲ್ಲೇ ಇತ್ತು. ಎತ್ತಿಕೊಂಡೆ, ಅಂಗೈಗೆ ಕುಂಕುಮ ಹತ್ತಿತು...

ಕಿಟಕಿಯಾಚೆ ಕಾವಲುಗಾರ ಬಾಷಾ ಸಾಬರ ಪಿಸುದನಿ. “ಸಾರ್... ಆ ಹಳೇ ಮಷೀನ್ ಯಾಕ್ ಹಾಕಿದ್ರಿ? ಗೇಟ್ ತನ್ಕ ಗುಂಯ್ ಅಂತೈತೆ.”

“ಹಾಕಿಲ್ಲ ಸಾಬ್ರೇ.”

“ಯಾ ಅಲ್ಲಾ... ಮತ್ತೆ ಇದೇನು ಕೇಳ್ತಿರೋದು?”

ನನಗೆ ಏನೂ ಕೇಳಿಸಲಿಲ್ಲ. ಆದರೆ ಚೆಂಡುಹೂವಿನ ಎಸಳುಗಳು ನಡುಗುತ್ತಿದ್ದವು. ಯಂತ್ರದ ಬೆನ್ನಿಗೆ ಕೈ ಹಿಡಿದೆ. ಬಿಸಿಗಾಳಿ ಬರುತ್ತಿತ್ತು. ವೈರು ನನ್ನ ಇನ್ನೊಂದು ಕೈಯಲ್ಲಿತ್ತು.

ಮರಳಿ ಬಂದು ಅದೇ ಆಜ್ಞೆ ಕೊಟ್ಟೆ. ಈ ಸಲ ಮೌಂಟ್ ತಕರಾರಿಲ್ಲದೆ ಬಿಟ್ಟಿತು. ಎಸಳುಗಳ ನಡುಕ ನಿಂತಿತು.

“ಈಗ ನಿಂತೋಯ್ತು ಸಾರ್,” ಎಂದರು ಬಾಷಾ ಸಾಬರು.

ಬೆಳಿಗ್ಗೆ ಚೀಟಿಗಳು ಬಂದವು, ಲಾರಿ ಹೋಯಿತು, ನನ್ನ ಕೆಲಸ ಉಳಿಯಿತು. “ನೋಡ್ದಾ, ಎಲ್ಲಾ ನನ್ನ ಪೂಜೆ ಮಹಿಮೆ!” ಎಂದು ಚಲಪತಿ ಕಾಯಿ ಒಡೆದು, ವೈರು ಸಿಕ್ಕಿಸಿ, ಹಳೆಯದರ ಗುಂಡಿ ಒತ್ತಿದ. ಅದು ಏಳಲಿಲ್ಲ. ಆಮೇಲೆ ಎಂದೂ ಏಳಲಿಲ್ಲ.

ಆ ದಡ್ಡನ ಮೇಲಿನ ನನ್ನ ತಾತ್ಸಾರ ಇಂದಿಗೂ ಕಡಿಮೆಯಾಗಿಲ್ಲ. ಆ ಬಿಸಿಗಾಳಿಯನ್ನು ಮಾತ್ರ ಹಾಗೆ ತಳ್ಳಿಹಾಕಲು ಆಗಿಲ್ಲ. ಈಗಲೂ ಯಾವ ಯಂತ್ರ ಆರಿಸಿದರೂ ಅದರ ಬೆನ್ನಿಗೆ ಅಂಗೈ ಇಡುತ್ತೇನೆ. ತಣ್ಣಗಿದ್ದರೂ ಬೇಗ ತೆಗೆಯುವುದಿಲ್ಲ...