ಮೂರು ಹಾಜರಿ ಹೆಚ್ಚು

ಪರೀಕ್ಷೆಗೆ ಮೂರು ವಾರ ಇತ್ತು. ಸೋಮವಾರ ಸಂಖ್ಯಾಶಾಸ್ತ್ರದ ಸರ್ ಹಾಜರಿ ಪುಸ್ತಕ ಬಿಚ್ಚಿ, ಯಾರು ಎಷ್ಟು ತರಗತಿಗೆ ಬಂದಿದ್ದಾರೆ ಎಂದು ನಂಬರ್ ಪ್ರಕಾರ ಓದುತ್ತಾ ಹೋದರು. ನನ್ನ ನಂಬರ್ ಅರವತ್ತೊಂದು.

“ಅರವತ್ತೊಂದು, ಮೂವತ್ತೆಂಟು ದಿನ.”

ನನ್ನ ಡೈರಿಯಲ್ಲಿದ್ದದ್ದು ಮೂವತ್ತೈದು. ಪ್ರತಿ ವಿಷಯಕ್ಕೂ ಒಂದು ಪುಟ ಇಟ್ಟಿದ್ದೆ. ಬಂದ ದಿನಕ್ಕೆ ಗೆರೆ, ತಪ್ಪಿಸಿದ ದಿನಕ್ಕೆ ಸೊನ್ನೆ, ಕಾಲೇಜಿನ ಪರವಾಗಿ ಓಡಲು ಹೋದ ದಿನಕ್ಕೆ ‘ಒ.ಡಿ.’, ಅಂದರೆ ಆನ್ ಡ್ಯೂಟಿ. ಪಿ.ಟಿ. ಸರ್ ಕೊಟ್ಟ ಪತ್ರಕ್ಕೆ ಆಯಾ ವಿಷಯದವರು ಸಹಿ ಹಾಕಿದರೆ ಒ.ಡಿ. ದಿನವೂ ಹಾಜರಿಯೇ. “ಮೊದಲು ಕಾಗದ ಓಡಬೇಕು, ಆಮೇಲೆ ನೀನು” ಎಂದು ಪಿ.ಟಿ. ಸರ್ ಯಾವಾಗಲೂ ಹೇಳುತ್ತಿದ್ದರು.

ಬಂಗಾರಪೇಟೆಯಿಂದ ಮನೆಗೆ ಹೊರಟ ರೈಲಿನಲ್ಲಿ ಮತ್ತೆ ಎಣಿಸಿದೆ. ಪರೀಕ್ಷೆಗೆ ಹಾಲ್ ಟಿಕೆಟ್ ಸಿಗಬೇಕಾದರೆ ಒಟ್ಟು ಐವತ್ತಾರು ತರಗತಿಯಲ್ಲಿ ನಲವತ್ತೆರಡು ಬೇಕು. ಬಂದದ್ದು ಮೂವತ್ತೈದು, ಒ.ಡಿ. ಏಳು. ಇನ್ನು ಮೂರು ತರಗತಿ ಬಾಕಿ. ಅದರಲ್ಲೊಂದು ಶುಕ್ರವಾರ ಬೆಳಿಗ್ಗೆ, ಕೋಲಾರದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಎಂಟುನೂರು ಮೀಟರ್ ಆಯ್ಕೆ ನಡೆಯುವ ಹೊತ್ತಿಗೇ. ಅದನ್ನು ತಪ್ಪಿಸಿದರೂ ನನ್ನ ಲೆಕ್ಕ ಸರಿಯಿತ್ತು. ಈ ಹೆಚ್ಚಿನ ಮೂರು ಎಲ್ಲಿಂದ ಬಂತು?

ಪಕ್ಕದಲ್ಲಿ ಕೂತಿದ್ದ ಗೆಳತಿ ಕಡಲೆಕಾಯಿ ಸುಲಿಯುತ್ತಿದ್ದಳು. ಬೇತಮಂಗಲದ ಕಡೆಯ ಹಳ್ಳಿಯವಳು, ರಾಬರ್ಟ್‌ಸನ್‌ಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಾಳೆ. ಅವಳ ನಂಬರ್ ಅರವತ್ತು.

“ಏನಮ್ಮೀ, ಮುಖ ಇಂಗೆ ಮಾಡ್ಕೊಂಡಿದ್ದೀಯ? ಮೂವತ್ತೆಂಟು ಬಂತಲ್ಲ, ಸಾಲ್ದಾ?”

“ಬಂದಿದ್ದು ಮೂವತ್ತೈದೇ ಕಣೇ.”

“ಮೂರು ನಂದು” ಎಂದು ನಕ್ಕಳು. “ನೀನು ಕ್ಯಾಂಪು ಅಂತ ಓದ್ಯಲ್ಲ, ಆವಾಗ. ಆಯಪ್ಪ ತಲೆ ಎತ್ತೋದೇ ಇಲ್ಲ. ಅರವತ್ತಕ್ಕೆ ದಪ್ಪ ಗಂಟಲಲ್ಲಿ ಯೆಸ್ ಸರ್, ಅರವತ್ತೊಂದಕ್ಕೆ ಸಣ್ಣ ಗಂಟಲಲ್ಲಿ.”

“ಆ ಮೂರು ದಿನಕ್ಕೆ ಒ.ಡಿ. ಪತ್ರ ಇದೆ. ನಾಳೆ ಅವರಿಗೇ ಕೊಡಬೇಕು.”

ಅವಳ ಕೈ ನಿಂತಿತು. “ನಂಗೇನ್ ಗೊತ್ತೇ? ಒಂದು ಮಾತು ಏಳಿದ್ಯಾ ನೀನು? ಬೆಳಿಗ್ಗೆ ಗ್ರೌಂಡು, ಸಾಯಂಕಾಲ ಗ್ರೌಂಡು, ನಮ್ಮಕ್ಕನ ನಿಶ್ಚಿತಾರ್ಥಕ್ಕೂ ಬರ್ಲಿಲ್ಲ. ಪರೀಕ್ಷೆಗಾದ್ರೂ ಕೂರ್ಲಿ ಅಂತ ಕೂಗ್ದೆ.”

ಹೇಳಿರಲಿಲ್ಲ, ನಿಜ. ಆ ತಿಂಗಳು ಅವಳೊಂದಿಗೆ ಊಟಕ್ಕೆ ಕೂತದ್ದು ನಾಲ್ಕೇ ದಿನ.

“ಆ ಪತ್ರ ಕೊಡ್ಬೇಡ, ಅರಿದಾಕು” ಎಂದಳು. ಆದರೆ ಏಳೂ ದಿನಕ್ಕೆ ಪತ್ರ ಒಂದೇ, ವಿಷಯ ಆರು. ಉಳಿದ ಐದು ತರಗತಿಯಲ್ಲಿ ನನಗಾಗಿ ಯಾರೂ ಕೂಗಿರಲಿಲ್ಲ. ಅಲ್ಲಿ ಅದೇ ಪತ್ರ ನನ್ನನ್ನು ಉಳಿಸಬೇಕಿತ್ತು. ಆರನೆಯವರಾದ ಸಂಖ್ಯಾಶಾಸ್ತ್ರದ ಸರ್ ನೋಡಿದರೆ, ಒಂದೇ ದಿನ ನಾನು ಮೈದಾನದಲ್ಲೂ ಇದ್ದೆ, ಬೆಂಚಿನ ಮೇಲೂ ಇದ್ದೆ.

ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಆಂಡರ್ಸನ್‌ಪೇಟೆಯ ಮೈದಾನದಲ್ಲಿ ಎರಡು ಸುತ್ತು ಓಡಲು ಹಿಂದಿನ ವಾರಕ್ಕಿಂತ ಆರು ಸೆಕೆಂಡು ಹೆಚ್ಚು ಹಿಡಿಯಿತು. ಅದನ್ನೂ ಬರೆದುಕೊಂಡೆ.

ಅವರಾಗಿ ಕಂಡುಹಿಡಿಯುವ ಮೊದಲು ನಾನೇ ಹೇಳಿಬಿಡುವುದು ಮೇಲು ಅನ್ನಿಸಿತು. ಸ್ಟಾಫ್ ರೂಮಿಗೆ ಹೋಗಿ ಪತ್ರವನ್ನೂ ಡೈರಿಯ ಪುಟವನ್ನೂ ಸರ್ ಮುಂದಿಟ್ಟೆ. ಅವರು ಹಾಜರಿ ಪುಸ್ತಕ ತೆಗೆದು, ಮೂರು ಗುರುತುಗಳ ಮೇಲೆ ಒಂದೊಂದಾಗಿ ಪೆನ್ನಿನ ತುದಿ ಇಟ್ಟರು.

“ಯಾರು ಕೂಗಿದ್ದು?”

ನಾನು ಡೈರಿ ಮುಚ್ಚಿ ಕೈಗೆತ್ತಿಕೊಂಡೆ.

“ನಾನು ತಲೆ ಎತ್ತಲ್ಲ ಅಂತ ಕೂಗಿದ್ದಾರೆ. ಅಲ್ವೇನಮ್ಮ?”

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

“ಹೆಸರು ಹೇಳು, ಏಳೂ ಒ.ಡಿ. ಬರ್ಕೋತೀನಿ. ಇಲ್ಲದಿದ್ರೆ ಈ ಮೂರು ದಿನ ಗೈರುಹಾಜರಿ, ಉಳಿದ ನಾಲ್ಕೇ ಒ.ಡಿ. ಇನ್ನು ಮೇಲೆ ನಿನ್ನ ಯಾವ ಒ.ಡಿ.ಗೂ ನಾನು ಸಹಿ ಹಾಕಲ್ಲ.”

ನಿಂತಲ್ಲೇ ಕೂಡಿಸಿದೆ. ಮೂವತ್ತೈದು, ನಾಲ್ಕು, ಬಾಕಿ ಮೂರು. ನಲವತ್ತೆರಡು. ಒಂದೂ ತಪ್ಪಿಸುವ ಹಾಗಿಲ್ಲ, ಶುಕ್ರವಾರದ್ದೂ ಸೇರಿ.

“ಗೈರುಹಾಜರಿ ಹಾಕಿ ಸರ್” ಎಂದೆ.

ಗೆಳತಿಗೆ “ಎಲ್ಲಾ ಸರಿಹೋಯ್ತು” ಎಂದಷ್ಟೇ ಹೇಳಿದೆ. ಹೆಸರು ಬಂದರೆ ಅವಳ ಚಿಕ್ಕಮ್ಮನನ್ನು ಕರೆಸುತ್ತಾರೆ, ಓದು ಬಿಡಿಸಿ ಊರಿಗೆ ಕಳಿಸಿಬಿಡಬಹುದು ಎಂದು ನಾನೇ ಊಹಿಸಿಕೊಂಡಿದ್ದೆ. ಪಿ.ಟಿ. ಸರ್‌ಗೆ ಮೊಣಕಾಲು ನೋವು ಎಂದೆ. ಅವರು ನನ್ನ ಮೊಣಕಾಲನ್ನೂ ಮುಖವನ್ನೂ ನೋಡಿ, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು.

ಶುಕ್ರವಾರ ಹತ್ತು ಗಂಟೆಗೆ ನಾನು ತರಗತಿಯೊಳಗೆ ಬಂದಾಗ ಗೆಳತಿ ಕಣ್ಣು ಅಗಲಿಸಿದಳು.

“ಲೇ, ಇವತ್ತು ಕೋಲಾರ ಅಲ್ವಾ?”

“ಹೋಗಲ್ಲ.”

“ಯಾಕೆ?”

ಸರ್ ಬಂದು ಹಾಜರಿ ಶುರು ಮಾಡಿದರು. ಈ ಸಲ ಒಂದೊಂದು ನಂಬರ್‌ಗೂ ತಲೆ ಎತ್ತಿ ಮುಖ ನೋಡುತ್ತಿದ್ದರು. ಅರವತ್ತಕ್ಕೆ ಅವಳು ಎದ್ದಳು. ಅರವತ್ತೊಂದಕ್ಕೆ ನಾನು ಎದ್ದೆ. ಕೂತಾಗ ಅವಳು ನನ್ನ ಡೈರಿಯನ್ನು ಎಳೆದುಕೊಂಡು ಪುಟ ತಿರುವುತ್ತಿದ್ದಳು. ಮಂಗಳವಾರದ ಸಾಲಿನ ಮೇಲೆ ಬೆರಳಿಟ್ಟು, ‘ಹೆಸರು ಹೇಳಲಿಲ್ಲ, ಮೂರು ಗೈರು, ಶುಕ್ರವಾರ ತಪ್ಪಿಸುವಂತಿಲ್ಲ’ ಎಂದು ಬರೆದದ್ದನ್ನು ಎರಡು ಸಲ ಓದಿದಳು. ಕಪ್ಪುಹಲಗೆಯ ಮೇಲಿನ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಓಟ ಹತ್ತೂವರೆಗೆ.

“ನನ್ನ ಉಳ್ಸು ಅಂತ ನಿನ್ನ ಕೇಳಿದ್ನಾ?” ಧ್ವನಿ ತಗ್ಗಿಸಿ, ಡೈರಿಯನ್ನು ನನ್ನತ್ತ ತಳ್ಳಿದಳು. “ನಮ್ ಚಿಕ್ಕಮ್ಮ ಎರಡು ಬೈಯೋಳು, ಆಮೇಲೆ ಊಟ ಇಕ್ಕೋಳು. ಅಷ್ಟೇ ಕಣೇ. ಒಂದ್ ಮಾತು ಕೇಳೋಕಾಗ್ಲಿಲ್ವಾ?”

ಅವಳನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಗಂಟೆ ಹೊಡೆಯುವವರೆಗೂ ಅವಳು ಕಾಯಲಿಲ್ಲ. ಪಾಠದ ನಡುವೆಯೇ ಎದ್ದು ನಿಂತು, “ಸರ್, ಅರವತ್ತೊಂದು ಅಂತ ಕೂಗ್ದೋಳು ನಾನು” ಎಂದಳು. ಹಿಂದಿನ ಬೆಂಚಿನ ಹುಡುಗರು ಶಿಳ್ಳೆ ಹಾಕಿದರು. ಸರ್ ಚಾಕ್‌ಪೀಸ್ ಕೆಳಗಿಟ್ಟು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು. ಆಗ ಹತ್ತೂ ಮೂವತ್ತೈದು.

ಹಾಜರಿ ಪುಸ್ತಕದಲ್ಲಿ ಆ ಮೂರು ದಿನ ಒ.ಡಿ. ಆಯಿತು. ನನಗೆ ಬೇಕಾದದ್ದಕ್ಕಿಂತ ಮೂರು ಹೆಚ್ಚು. ಅವಳು ಕ್ಷಮಾಪಣೆ ಪತ್ರ ಬರೆದುಕೊಡಬೇಕಾಯಿತು, ಚಿಕ್ಕಮ್ಮನ ಸಹಿಯೊಂದಿಗೆ. ಸಾಯಂಕಾಲದ ರೈಲಿನಲ್ಲಿ ಎದುರಿನ ಸೀಟಿನಲ್ಲಿ ಕೂತು, ಇಳಿಯುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು.