ಚೇಳುಮೀನು ಸಿಕ್ಕ ಬಾವಿ

ದೆವ್ವ, ಗಾಳಿ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವಳು. ಸಿಂಧನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮೀನಿನ ಹೊಟ್ಟೆ ಸೀಳಿ, ಕರುಳಿನಲ್ಲಿ ಬದುಕುವ ಹುಳುಗಳನ್ನು ಗುರುತಿಸುವುದು ನನ್ನ ಸಂಶೋಧನೆ. ಕಣ್ಣಿಗೆ ಕಂಡದ್ದನ್ನಷ್ಟೇ ನಂಬಬೇಕೆಂದು ಆ ಕೆಲಸವೇ ಕಲಿಸಿದೆ. ತೊಂದರೆ ಏನೆಂದರೆ, ಈಗ ಹೇಳಹೊರಟಿರುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಕಾಲುವೆಗೆ ನೀರು ನಿಲ್ಲಿಸಿದ್ದರು. ದಢೇಸುಗೂರು, ಗೊರೇಬಾಳದ ಗದ್ದೆಗಳು ಬಿರುಕು ಬಿಟ್ಟಿದ್ದವು. ನನಗೆ ಬೇಕಾದ ಚೇಳುಮೀನು ಎಲ್ಲೂ ಇರಲಿಲ್ಲ. ಅದು ಉದ್ದ ಮೀಸೆಯ, ಕಪ್ಪನೆಯ ಕೆಸರಿನ ಮೀನು. ಮುಳ್ಳು ತಾಗಿದರೆ ಚೇಳು ಕಡಿದಂತೆ ಉರಿಯುತ್ತದೆ. ಲಿಂಗಸುಗೂರಿನಲ್ಲಿ ಸಿಗಬಹುದೆಂದು ಯಾರೋ ಹೇಳಿದರು. ನಮ್ಮ ಓಣಿಯ ಖಾಜಾಸಾಬನ ಆಟೋದಲ್ಲಿ, ಮುಚ್ಚಳದ ಬಕೆಟ್ ಇಟ್ಟುಕೊಂಡು ಹೊರಟೆ.

ಮಸ್ಕಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಕಾದು ಆಟೋ ನಿಂತಿತು. ಮಟಮಟ ಮಧ್ಯಾಹ್ನ. ಕುಡಿಯುವ ನೀರೂ ಮುಗಿದಿತ್ತು. ಖಾಜಾಸಾಬ್ ಬೇವಿನ ನೆರಳಿಗೆ ಆಟೋ ತಳ್ಳಿದ. ನೀರು ಸಿಕ್ಕೀತೆಂದು ನಾನು ಬಕೆಟ್ ಹಿಡಿದು ಹೊಲದ ಕಾಲುದಾರಿ ಹಿಡಿದೆ.

ಬಂಡೆಗಳ ಮಗ್ಗುಲಲ್ಲಿ ಮೆಟ್ಟಿಲು ಬಾವಿಯೊಂದು ಕಂಡಿತು. ಕೆಳಗಿನ ಮೆಟ್ಟಿಲಲ್ಲಿ ಹೆಂಗಸೊಬ್ಬಳು ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದಳು. ನನಗಿಂತ ಚಿಕ್ಕವಳಿರಬೇಕು. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ, ಈಗ ನೆನಪಾಗುತ್ತದೆ.

"ಯಕ್ಕಾ, ಒಂದೀಟು ನೀರು ಕೊಡ್ರಿ" ಎಂದೆ.

"ಈ ನೀರು ಕುಡಿಬ್ಯಾಡವ್ವ" ಎಂದಳು.

ನಮ್ಮ ಕಡೆ ನೀರು ಕೇಳಿದವರಿಗೆ ಇಲ್ಲ ಅನ್ನುವವರಿಲ್ಲ. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಅವಳ ಕಾಲ ಸುತ್ತ ಕಪ್ಪು ಮೀನುಗಳು ಸುಳಿದಾಡುವುದು ಕಂಡು ಸಿಟ್ಟು ಮರೆತೆ. ಚೇಳುಮೀನು. ಮೆಟ್ಟಿಲಿಳಿಯಲು ಹೋದರೆ ಅವಳು ಕೈ ಅಡ್ಡ ಹಿಡಿದಳು.

"ನೀ ಇಳಿಬ್ಯಾಡ. ನಾನ ತಂದು ಕೊಡ್ತೀನಿ."

ಕೊಡ ಮುಳುಗಿಸಿ ಎತ್ತಿದರೆ ಅದರೊಳಗೆ ಮೀನುಗಳಿದ್ದವು. ಮೇಲೆ ಬಂದು ಬಕೆಟ್ಟಿಗೆ ಸುರಿದಳು. ಕುಂಟುತ್ತಿದ್ದಳು. ಹಿಮ್ಮಡಿಯ ಮೇಲೆ ಅರಿವೆ ಕಟ್ಟಿ, ಬಿಳಿ ದಾರದಂಥದ್ದು ಸುತ್ತಿದ ಸಣ್ಣ ಕಡ್ಡಿಯೊಂದನ್ನು ಅದರಲ್ಲಿ ಸಿಕ್ಕಿಸಿದ್ದಳು. ಏನಾಗಿದೆ ಎಂದು ಕೇಳಿದೆ.

"ಹೊಂಟೈತಿ. ಇನ್ನೊಂದೀಟು ಉಳದೈತಿ" ಎಂದಳು. ಮುಳ್ಳು ಮುರಿದಿರಬೇಕು ಅಂದುಕೊಂಡೆ.

ವಾಪಸ್ ಬಂದಾಗ ಖಾಜಾಸಾಬ್ ಬಕೆಟ್ಟಿನೊಳಗೆ ಕೈಯಿಟ್ಟು ತಟ್ಟನೆ ತೆಗೆದ. "ಏನ್ರಿ ಮೇಡಂ, ಬರ್ಫ್ ಆದಂಗ ತಣ್ಣಗೈತಿ ನೀರು. ಎಲ್ಲಿ ಸಿಕ್ಕಾವು?" ಅಲ್ಲೇ ಬಾವಿಯಲ್ಲಿ ಎಂದೆ. ಅವನು ಆ ಕಡೆ ಒಮ್ಮೆ ನೋಡಿ, ಅಷ್ಟರಲ್ಲಿ ಇಂಜಿನ್ ಆರಿದ್ದ ಆಟೋ ಚಾಲೂ ಮಾಡಿದ.

ಮರುದಿನ ಮೊದಲ ಮೀನು ಸೀಳಿದೆ. ಕರುಳಿನಲ್ಲಿ ಲಾಡಿಹುಳುವಿನ ಜಾತಿಯ ಬಿಳಿ ಹುಳು ಇತ್ತು, ತಲೆಯ ಅಂಚು ಸೀರೆಯ ನಿರಿಗೆಯಂತೆ. ಅಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಸೀಳಿದ ಪ್ರತಿ ಮೀನಿನಲ್ಲೂ ಅದೇ ಹುಳು. ಚಿತ್ರ ನೋಡಿದ ನನ್ನ ಮಾರ್ಗದರ್ಶಕರು ಇದು ಹೊಸ ಜಾತಿಯೇ ಎಂದರು. ಆದರೆ ಪ್ರಕಟಿಸಲು ಇನ್ನೂ ಹುಳುಗಳು ಬೇಕು, ಸಿಕ್ಕ ಜಾಗವನ್ನು ಖಚಿತವಾಗಿ ಬರೆಯಬೇಕು. ಹೊಸ ಜೀವಿಗೆ ಹೆಸರಿಡುವ ಅದೃಷ್ಟ ಎಲ್ಲರಿಗೂ ಬರುವುದಿಲ್ಲ. ಖುಷಿಗೆ ನನಗೆ ನಿದ್ದೆ ಬರಲಿಲ್ಲ.

ಖಾಜಾಸಾಬನನ್ನು ಕರೆದುಕೊಂಡು ಮತ್ತೆ ಹೋದೆ. ಅದೇ ಬೇವು, ಅದೇ ಕಾಲುದಾರಿ, ಅದೇ ಬಂಡೆಗಳು. ಬಾವಿಯಿದ್ದಲ್ಲಿ ಹತ್ತಿ ಕಿತ್ತ ಹೊಲ, ಅಷ್ಟೆ. ಹೊಲದ ಯಜಮಾನ ಅಮರಪ್ಪ ಕುರಿ ಮೇಯಿಸುತ್ತಿದ್ದ. ವಯಸ್ಸಾದವನು.

"ಬಾವಿನ? ನಾ ಸಣ್ಣಾವಿದ್ದಾಗ ಮುಚ್ಯಾರ್ರಿ ಅದನ್ನ" ಎಂದ. "ಆ ನೀರು ಕುಡಿದು ಮನಿಮನ್ಯಾಗ ನಾರುಹುಣ್ಣು ಆಗಿತ್ತು. ಕಾಲಾಗಿನ ಹುಳ ಹೊರಗ ಬಂದ್ರ ಕಡ್ಡಿಗೆ ಸುತ್ತಿ, ದಿನಾ ಒಂದೀಟೀಟು ಎಳೀತಿದ್ರು. ಹರಿದ್ರ ಕಾಲು ಕೊಳೀತಿತ್ತು. ಎಷ್ಟು ಮಂದಿ ಹೋದ್ರೋ."

ನಾರುಹುಳುವಿನ ಪಾಠವನ್ನು ಪ್ರತಿವರ್ಷ ಮಕ್ಕಳಿಗೆ ಮಾಡುವವಳು ನಾನು. ಆ ರೋಗ ದೇಶದಿಂದಲೇ ಹೋಗಿ ಎಷ್ಟೋ ಕಾಲವಾಗಿದೆ. ಅವಳ ಹಿಮ್ಮಡಿಯ ಕಡ್ಡಿಗೆ ಸುತ್ತಿದ್ದು ಏನೆಂದು ಆಗ ತಿಳಿಯಿತು. ಅವಳು ನನಗೆ ನೀರು ಯಾಕೆ ಕೊಡಲಿಲ್ಲ ಎಂಬುದೂ.

ದಾರಿಯಲ್ಲಿ ಖಾಜಾಸಾಬ್ ಮೆಲ್ಲಗೆ ಹೇಳಿದ: "ಅವತ್ತು ನಾ ನಿಮ್ಮನ್ನ ನೋಡಾಕತ್ತಿದ್ದೆ ಮೇಡಂ. ನೀವು ಖಾಲಿ ಹೊಲದಾಗ ನಿಂತು ಒಬ್ಬರೇ ಮಾತಾಡಾಕತ್ತಿದ್ರಿ. ಬಿಸಲಿಗೆ ಹಂಗಾಗೇತಿ ಅನ್ಕೊಂಡೆ. ಆದ್ರ ಮೀನ ನಾನೂ ಮುಟ್ಟೀನಲ್ರಿ."

ಆಮೇಲೆ ಬಳಗಾನೂರಿನಿಂದ ಲಿಂಗಸುಗೂರಿನವರೆಗೆ ಸಿಕ್ಕ ಚೇಳುಮೀನನ್ನೆಲ್ಲ ಸೀಳಿದೆ. ಆ ಹುಳು ಒಂದರಲ್ಲೂ ಇಲ್ಲ. ಮಸ್ಕಿ ಸಂತೆಯಲ್ಲಿ ಕೊಂಡದ್ದೆಂದು ಬರೆದುಬಿಡು, ಯಾರು ಕೇಳುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನ್ನಿಂದಾಗಲಿಲ್ಲ.

ಆ ದಿನದ ಮೀನುಗಳಲ್ಲಿ ಒಂದನ್ನು ಸೀಳದೆ ಉಳಿಸಿದ್ದೆ. ಪ್ರಯೋಗಾಲಯದ ಗಾಜಿನ ತೊಟ್ಟಿಯಲ್ಲಿ ಇವತ್ತಿಗೂ ಬದುಕಿದೆ. ಇಷ್ಟು ವರ್ಷವಾದರೂ ಒಂದು ಬೆರಳಿನಷ್ಟೂ ಬೆಳೆದಿಲ್ಲ. ಎಷ್ಟೋ ಸಲ ಕತ್ತರಿ ಹಿಡಿದು ಹೋಗಿದ್ದೇನೆ. ಒಳಗೆ ಹುಳು ಇದ್ದರೂ ಭಯ, ಇಲ್ಲದಿದ್ದರೂ ಭಯ. ತೊಟ್ಟಿಗೆ ಹೊಸ ನೀರು ಹಾಕಿ, ಬಾಗಿಲೆಳೆದುಕೊಂಡು ಬರುತ್ತೇನೆ.