ಎರಡು ಮಿರ್ಚಿ, ಹಲ್ಲಿಲ್ಲ

ಕೂಗುವ ಮೊದಲು ಆತನ ಗಂಟಲಗಂಟು ಒಮ್ಮೆ ಕೆಳಗಿಳಿದು ಮೇಲೆ ಬರುತ್ತಿತ್ತು, ಸೇದುವ ಬಾವಿಗೆ ಕೊಡ ಬಿಟ್ಟು ಎಳೆದಂತೆ. ಕೊಡ ಮೇಲೆ ಬಂತೆಂದರೆ ದನಿಯೂ ಬಂತು. ಕೋಳಿಯಂಥ ತೆಳ್ಳನೆಯ ಕತ್ತು, ಅದರ ಎರಡೂ ಬದಿಗೆ ಹಗ್ಗದಂಥ ನರ, ಮೇಲಿನ ಗುಂಡಿ ಎಂದೂ ಹಾಕದ ಬಿಳಿ ಅಂಗಿ. ಆ ಕತ್ತಿನಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ಹೊಸಬರು ನಂಬುತ್ತಿರಲಿಲ್ಲ. ನಾನು ಮಿಮಿಕ್ರಿ ಮಾಡಿ ಬದುಕುವವನು. ನನಗೆ ಮನುಷ್ಯರ ಮುಖಕ್ಕಿಂತ ಮೊದಲು ಗಂಟಲು ಕಾಣುತ್ತದೆ. ಹಾಗೆ ನೋಡಿದ ಗಂಟಲುಗಳಲ್ಲಿ ಇಷ್ಟು ಕಾಡಿದ್ದು ಇನ್ನೊಂದಿಲ್ಲ.

ಆತ ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಮಿರ್ಚಿ-ಒಗ್ಗರಣಿ ಹೋಟೆಲಿನ ಸಪ್ಲೈಯರ್. ನಮ್ಮ ಕಡೆ ಒಗ್ಗರಣಿ ಅಂದರೆ ಸಾರಿಗೆ ಹಾಕುವುದಲ್ಲ, ನೀರಲ್ಲಿ ತೋಯಿಸಿ ಹಿಂಡಿ, ಈರುಳ್ಳಿ-ಹಸಿಮೆಣಸಿನಕಾಯಿ ಹಾಕಿ ಹುರಿದ ಮಂಡಕ್ಕಿ. ಜೊತೆಗೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಇಷ್ಟು ತಿನ್ನದೆ ಊರಿನ ಯಾವ ಜಗಳವೂ ಶುರುವಾಗುವುದಿಲ್ಲ, ಯಾವ ರಾಜಿಯೂ ಮುಗಿಯುವುದಿಲ್ಲ. ಎದುರಿನ ಮೊಬೈಲ್ ಅಂಗಡಿಯಲ್ಲಿ ನಾನು ಒಡೆದ ಗಾಜು ಬದಲಿಸುತ್ತ ಕೂತಿರುತ್ತಿದ್ದೆ. ಆತ ನನಗೆ ಸಂಬಂಧಿಕನಲ್ಲ. ಆದರೂ ಎಲ್ಲರೊಂದಿಗೆ ನಾನೂ ಕಾಕಾ ಎನ್ನುತ್ತಿದ್ದೆ.

ಕಾಕಾ ಬರೀ ತಿಂಡಿಯ ಹೆಸರು ಕೂಗುತ್ತಿರಲಿಲ್ಲ. ತಿನ್ನುವವರ ಸ್ಥಿತಿಯನ್ನೂ ಸೇರಿಸಿ ಅಡುಗೆಮನೆಗೆ ಮುಟ್ಟಿಸುತ್ತಿದ್ದ. "ಕಿಟಕಿ ಕಡಿ ಹಸರು ಟವೆಲ್, ಎರಡು ಮಿರ್ಚಿ, ಹಲ್ಲಿಲ್ಲ, ಮೆತ್ತಗ." "ಕೂಡ್ಲಿಗಿ ಬಸ್ಸಿಗೆ ಹೋಗೋರು, ಒಂದು ಒಗ್ಗರಣಿ, ಬಸ್ ಚಾಲೂ ಐತಿ." "ಹರಪನಹಳ್ಳಿ ಬೀಗ್ರು ಬಂದಾರ, ನಾಕು ಒಗ್ಗರಣಿ, ಮಾನ ಕಾಯ್ರಿ." ಒಳಗೆ ಒಲೆಯ ಮುಂದೆ ಮಿರ್ಚಿ ಚಾಚಾ ಇದ್ದರು. ಅವರು ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿದಂತಿರಲಿಲ್ಲ. ಆದರೆ ಹಲ್ಲಿಲ್ಲದವರಿಗೆ ಮೆತ್ತನೆಯದು, ಬಸ್ಸಿನವರಿಗೆ ಬೇಗನೆಯದು, ಬೀಗರಿಗೆ ಮೇಲೆ ಕೊತ್ತಂಬರಿ ಹೆಚ್ಚಿನದು ಬರುತ್ತಿತ್ತು. ಹಲ್ಲಿಲ್ಲದ ಗುಟ್ಟು ಇಡೀ ಹೋಟೆಲಿಗೆ ತಿಳಿಯಿತಲ್ಲ ಅಂತ ಹಸಿರು ಟವೆಲಿನ ಅಜ್ಜ ಬೈಯುತ್ತಿದ್ದ. ಬೈದು, ಮರುದಿನ ಮತ್ತೆ ಅದೇ ಕಿಟಕಿಗೆ ಬಂದು ಕೂರುತ್ತಿದ್ದ.

ನಾನು ಯಾರನ್ನೂ ಬಿಟ್ಟವನಲ್ಲ. ನಮ್ಮ ಹೆಡ್ ಮಾಸ್ತರು ಮೂಗು ಸೀನಿ ಪ್ರಾರ್ಥನೆ ಶುರು ಮಾಡುವುದು, ಶೇಂಗಾ ವ್ಯಾಪಾರಿ ರೇಟು ಕೇಳಿ ಸತ್ತಂತೆ ನಿಟ್ಟುಸಿರು ಬಿಡುವುದು, ಹಗರಿಬೊಮ್ಮನಹಳ್ಳಿ ಅನ್ನುವಷ್ಟರಲ್ಲಿ ಸ್ಟಾಪೇ ದಾಟುವ ಕಂಡಕ್ಟರು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನನ್ನ ಸ್ವಂತ ದನಿ ಯಾವುದು ಅಂತ ಹಡೆದ ಅವ್ವನಿಗೇ ಅನುಮಾನ. ಹೊರಗಿನಿಂದ "ಅವ್ವಾ, ಬಾಗ್ಲ ತಗಿ" ಅಂದರೆ, "ಯಾರಪ್ಪಾ ನೀನು" ಅಂತಲೇ ಕೇಳುತ್ತಾಳೆ.

ಒಂದು ಮಧ್ಯಾಹ್ನ ಗಿರಾಕಿ ಕಮ್ಮಿ ಇದ್ದಾಗ ಗೆಳೆಯರ ಮುಂದೆ ಕಾಕಾನ ದನಿ ತೆಗೆದೆ. ತಿರುಗಿದರೆ ಆತ ಹಿಂದೆಯೇ ನಿಂತಿದ್ದಾನೆ. ನಕ್ಕವರೆಲ್ಲ ಚಹಾದ ಲೋಟದಲ್ಲಿ ಮುಖ ಮುಚ್ಚಿಕೊಂಡರು.

"ದನಿ ಬಂತಲೇ," ಅಂದ ಕಾಕಾ. "ಹಸಿವು ಬರ್ಲಿಲ್ಲ. ಯಾರಿಗೆ ಕೂಗಿದಿ ಈಗ?"

"ಇವ್ರಿಗೆ. ನಗ್ಲಿ ಅಂತ."

"ಅಲ್ಲೇ ತಪ್ಪಿದಿ ನೋಡು. ಮಂದಿಗೆ ಕೂಗಬಾರ್ದು, ಒಲಿಗೆ ಕೂಗ್ಬೇಕು. ಒಲಿ ಕೇಳಿಸ್ಕಂಡ್ರ ಮಂದಿ ತಾನೇ ಉಣ್ತಾರ."

ಅಂದಿನಿಂದ ನನಗೆ ರೇಡಿಯೋ ಅಂತ ಹೆಸರಿಟ್ಟ. ಕೇಳುವವರಿದ್ದರೂ ಇಲ್ಲದಿದ್ದರೂ ಒದರುತ್ತದಲ್ಲ, ಅದಕ್ಕೆ. ಗೆಳೆಯರೂ ಅದನ್ನೇ ಹಿಡಿದರು. ಈಗ ನನ್ನ ಕಾರ್ಯಕ್ರಮದ ಪಾಂಪ್ಲೆಟಿನಲ್ಲೂ ಅದೇ ಹೆಸರಿದೆ.

ಕಾಕಾನಿಗೆ ಒಂದೇ ಆಸೆ. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಒಮ್ಮೆ ಕೂಗಬೇಕು. "ಇದು ಅಂಗೈ ಅಗಲ ಜಾಗಲೇ," ಅನ್ನುತ್ತಿದ್ದ, ತನ್ನ ಹೋಟೆಲಿನ ನಾಲ್ಕು ಗೋಡೆ ತೋರಿಸಿ. "ನನ್ನ ದನಿ ಗ್ವಾಡಿಗೆ ಬಡದು ನನ್ನ ಮಾರಿಗೇ ಬರತೈತಿ. ಈ ಕಡಿಯಿಂದ ಆ ಕಡಿ ಕಾಣದಂಥ ದೊಡ್ಡ ಹಾಲ್‌ನಾಗ ಕೂಗಿ ನೋಡ್ಬೇಕು." ಯಾರು ಬೆಂಗಳೂರಿಗೆ ಹೋಗಿ ಬಂದರೂ ವಿಧಾನಸೌಧ ನೋಡಿದೆಯಾ ಅಂತ ಕೇಳುತ್ತಿರಲಿಲ್ಲ. "ಎಲ್ಲಿ ಉಂಡಿ? ಯಾರು ಕೂಗ್ತಿದ್ರು?" ಅಂತಲೇ ಕೇಳುತ್ತಿದ್ದ. ಯಾರೂ ಕೂಗುವುದಿಲ್ಲ ಕಾಕಾ ಅಂದರೆ, "ನೀ ಸಣ್ಣ ಹೋಟೆಲಿಗೆ ಹೋಗೀದಿ ಬಿಡು," ಅನ್ನುತ್ತಿದ್ದ.

ಆ ಆಸೆ ಕೈಗೂಡಿದ್ದು ನನ್ನ ಫೋನಿನಿಂದ. ಕಾಕಾನ ದನಿ ತೆಗೆದು ನಾನು ಒಂದು ವಿಡಿಯೋ ಬಿಟ್ಟಿದ್ದೆ. ಅದು ಎಲ್ಲೆಲ್ಲೋ ಸುತ್ತಿ, ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಊಟದ ದೊಡ್ಡ ಹೋಟೆಲ್ ತೆರೆಯುತ್ತಿದ್ದವರ ಕಣ್ಣಿಗೆ ಬಿತ್ತು. ಇಬ್ಬರು ಕಾರಿನಲ್ಲಿ ಬಂದು ನನ್ನ ಅಂಗಡಿ ಮುಂದೆ ಇಳಿದರು. ಹಳ್ಳಿ ಹೋಟೆಲಿನ ಹಾಗೆ ಆರ್ಡರ್ ಕೂಗುವವನು ಬೇಕಂತೆ, ಅದು ನಾನೇ ಆಗಬೇಕಂತೆ.

"ನಾನು ಡೂಪ್ಲಿಕೇಟ್ ರೀ," ಅಂದೆ. "ಒರಿಜಿನಲ್ ಎದುರಿಗೆ ಐತಿ. ಬರ್ರಿ."

ಕಾಕಾನ ಮುಖ ಆ ಹೊತ್ತು ನೋಡಬೇಕಿತ್ತು. ಗಂಟಲಗಂಟು ಕೆಳಗಿಳಿದದ್ದು ಎಷ್ಟೋ ಹೊತ್ತು ಮೇಲೆ ಬರಲೇ ಇಲ್ಲ. ಹೊರಡುವ ದಿನ ಹೋಟೆಲಿನ ಯಜಮಾನರು ಶಾಲು ಹೊದಿಸಿದರು. ಚಾಚಾ ಒಲೆ ಬಿಟ್ಟು ಬಾಗಿಲ ತನಕ ಬಂದು ನಿಂತರು. ಹೊಸಹಳ್ಳಿಯಿಂದ ಬಂದಿದ್ದ ಕಾಕಾನ ತಂಗಿ, "ಅಲ್ಲಿ ಹಲ್ಲಿಲ್ಲದೋರ್ನ ಹಲ್ಲಿಲ್ಲ ಅಂತ ಒದರಬ್ಯಾಡಣ್ಣ, ಬಡದಾರು," ಅಂತ ಬುದ್ಧಿ ಹೇಳಿದಳು.

ಮಳೆಗಾಲ ಕಳೆದ ಮೇಲೆ ಒಂದು ಕಾರ್ಯಕ್ರಮಕ್ಕೆ ಬೆಂಗಳೂರಿಗೆ ಹೋದಾಗ ಕಾಕಾನ ರಜೆಯ ದಿನವೇ ಸಿಕ್ಕಿತು. "ಬಾರಲೇ, ಬೆಂಗ್ಳೂರು ಉಣಸ್ತೀನಿ," ಅಂದ. ಹಬ್ಬಕ್ಕೆಂದು ಹೊಲಿಸಿದ್ದ ಅಂಗಿ ಹಾಕಿಕೊಂಡು ಬಂದಿದ್ದ, ಈ ಸಲ ಮೇಲಿನ ಗುಂಡಿ ಹಾಕಿತ್ತು. ಅದನ್ನು ಕಂಡೇ ನನಗೆ ಏನೋ ಸರಿಯಿಲ್ಲ ಅನ್ನಿಸಬೇಕಿತ್ತು. ನಾನು, "ಏನ್ ಕಾಕಾ, ಮದ್ವಿ ಗಂಡು ಆಗೀದಿ," ಅಂತ ನಕ್ಕೆ.

ಮೊದಲು ಬಸವನಗುಡಿ ಕಡೆಯ ಹೆಸರಾಂತ ದೋಸೆ ಹೋಟೆಲ್. ಬಾಗಿಲ ಹೊರಗೆ ಜಾತ್ರೆಯಷ್ಟು ಜನ. ಒಬ್ಬ ಪಟ್ಟಿ ಹಿಡಿದು ಸರದಿಯವರ ಹೆಸರು ಕೂಗುತ್ತಿದ್ದ. ಕಾಕಾನ ಕಿವಿ ನಿಮಿರಿತು. ನಮ್ಮ ಸರದಿ ಬಂದರೂ ಒಳಗೆ ಹೋಗದೆ ಅವನನ್ನೇ ಕೇಳುತ್ತ ನಿಂತ. ಕೊನೆಗೆ ಹೇಳಿದ, "ದನಿ ಚಲೋ ಐತಿ. ಆದ್ರ ಹೆಸರಷ್ಟ ಕೂಗ್ತಾನ. ಹೆಸರು ತಗಂಡು ಒಲಿ ಏನ್ ಮಾಡ್ಬೇಕು?" ದೋಸೆಯನ್ನು ಮಾತ್ರ ಹೊಗಳಿದ. ತಟ್ಟೆಯ ಅಂಚಿನ ತುಪ್ಪವನ್ನು ಬೆರಳಿಂದ ಬಳಿದು ನೆಕ್ಕಿದ.

ಆಮೇಲೆ ನಿಂತು ತಿನ್ನುವ ಇಡ್ಲಿ ಹೋಟೆಲ್. "ಮದ್ವಿ ಮನ್ಯಾಗ ಬೀಗ್ರು ಮುನಿಸ್ಕಂಡು ನಿಂತಂಗ ನಿಂತಾರಲ್ಲೋ ಎಲ್ಲಾರೂ," ಅಂದ. ಕೌಂಟರಿನಲ್ಲಿ ನಮ್ಮೂರಿನ ಚಟಕ್ಕೆ ಬಾಯಿ ಬಿಟ್ಟು, "ಒಂದು ಒಗ್ಗರಣಿ ಕೊಡಪ್ಪ," ಅಂದುಬಿಟ್ಟ. ಹುಡುಗ ಪಾಪ ಯೋಚಿಸಿ, "ಸಾಂಬಾರಿಗಾ, ಚಟ್ನಿಗಾ ಸಾರ್?" ಅಂತ ಕೇಳಿದ. ನಾನು ಅಲ್ಲೇ ಆ ಹುಡುಗನ ದನಿ ತೆಗೆದು ಅಣಕಿಸಿದೆ. ಕಾಕಾ ನಕ್ಕ, ಅರ್ಧ.

ಮೂರನೆಯದು ಗಾಜಿನ ಮಾಲಿನೊಳಗಿನದು. ಹಣ ಕಟ್ಟಿದ ಮೇಲೆ ಕೈಗೆ ಸಾಬೂನಿನಷ್ಟು ಒಂದು ಡಬ್ಬಿ ಕೊಟ್ಟರು. ತಿಂಡಿ ಆದಾಗ ಅದು ನಡುಗುತ್ತದಂತೆ. ಕಾಕಾನ ಅಂಗೈಯಲ್ಲಿ ಅದು ಗುರ್ ಅಂದದ್ದೇ ತಡ, ಎಸೆದೇಬಿಟ್ಟ. "ಹಲ್ಲಿ ಹಿಡ್ಕಂಡಂಗಾತು," ಅಂದ. ಸುತ್ತಲಿನವರು ತಿರುಗಿ ನೋಡಿದರು. ನಾನು ಡಬ್ಬಿ ಹೆಕ್ಕಿ ತಂದೆ. ನಗುತ್ತಲೇ ಇದ್ದೆ.

ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗ ಕೇಳಿದೆ. "ಊರೆಲ್ಲಾ ತೋರ್ಸಿದಿ, ನಿನ್ನ ಹೋಟೆಲ್ ತೋರ್ಸಲಿಲ್ಲ. ಹೆಂಗೈತಿ ಹಾಲ್? ಈ ಕಡಿಯಿಂದ ಆ ಕಡಿ ಕಾಣ್ಸತೈತೇನು?"

"ಹಾಲ್ ಭಾಳ ದೊಡ್ಡದೈತಿ," ಅಂದ. "ಮೊನ್ನಿ ಒಬ್ಬಾಕಿ ಮುದುಕಿ ಬಂದಿದ್ಲು, ಮೊಮ್ಮಕ್ಕಳ ಕೂಡ. ಬಾಯಾಗ ಒಂದೂ ಹಲ್ಲಿಲ್ಲ. ನಾ ಕೂಗಿದೆ, ಹಲ್ಲಿಲ್ಲ, ಬಿಸಿರೊಟ್ಟಿ, ಮೆತ್ತಗ ಅಂತ. ಏನ್ ಬಂತು ಹೇಳು."

"ಏನು?"

"ಖಡಕ್ ರೊಟ್ಟಿ. ಹಂಚಿನಂಥವು. ಆಕಿ ಪಾಪ ಸಾರಿನಾಗ ಅದ್ದಿ ಚೀಪಿದ್ಲು."

ಅಡುಗೆಯವರು ಗಮನಿಸಿರಲಿಕ್ಕಿಲ್ಲ ಅಂದೆ. ಕಾಕಾ ತಲೆ ಅಲ್ಲಾಡಿಸಿದ.

"ನಾನೂ ಹಂಗ ಅಂದ್ಕಂಡೆ. ಮರುದಿನ ಬೇಕಂತ್ಲೇ ತಪ್ಪು ಕೂಗಿದೆ. ಅವ್ರು ಹೇಳಿದ್ದು ಎರಡು ಊಟ. ನಾ ಕೂಗಿದ್ದು ಹತ್ತು ಹೋಳಿಗಿ. ಎರಡು ಊಟನ ಬಂತಲೇ. ಸರಿಯಾಗಿ. ಆ ಹುಡುಗ್ರು ಕೈಯಾಗ ಫೋನಿನಂಥದ್ದು ಹಿಡ್ಕಂಡು ಒತ್ತತಾರಲ್ಲ, ಅದು ಸೀದಾ ಒಳಗ ಹೋಗತೈತಿ. ಅಡಿಗಿ ಮನಿ ಕೆಳಗಿನ ಮಹಡ್ಯಾಗ ಐತಿ. ನನ್ನ ದನಿ ಅಲ್ಲಿಗೆ ಮುಟ್ಟಂಗಿಲ್ಲ. ಮುಟ್ಟಬೇಕಂತ ಯಾರಿಗೂ ಇಲ್ಲ."

"ಮಂದಿ ವಿಡಿಯೋ ಮಾಡ್ತಾರಂತಲ್ಲ ಕಾಕಾ. ಖುಷಿ ಪಡ್ತಾರಂತ."

"ಪಡ್ತಾರ. ಚಪ್ಪಾಳಿನೂ ಹೊಡೀತಾರ." ಗುಂಡಿಯ ಮೇಲೆ ಕೈ ಇಟ್ಟುಕೊಂಡ. "ಕೇಳೋರಿಲ್ಲದ ಕಡಿ ಕೂಗಿದ್ರ ಅದು ಕೂಗಲ್ಲಪ್ಪ, ಕೆಮ್ಮು."

ಆ ಹೋಟೆಲಿಗೆ ಬೇಕಾಗಿದ್ದದ್ದು ಡೂಪ್ಲಿಕೇಟು. ಮೊದಲ ದಿನ ಕಾರಿನಿಂದ ಇಳಿದವರಿಗೆ ಅದು ಗೊತ್ತಿತ್ತು, ನನಗೇ ತಿಳಿಯಲಿಲ್ಲ. ನಾನು ಹೋಗಿದ್ದರೆ ಚಪ್ಪಾಳೆಗೆ ಖುಷಿಯಾಗಿ, ದಿನಾ ಹತ್ತು ಹೋಳಿಗೆ ಕೂಗಿಕೊಂಡು ಹಾಯಾಗಿರುತ್ತಿದ್ದೆ. ಒಲೆ ಎಲ್ಲಿದೆ ಅಂತ ಹುಡುಕುವ ಚಟ ನನಗಿಲ್ಲ. ಆಸೆಪಟ್ಟವನಿಗೆ ಅದು ಸಿಗಲಿ ಅಂತ ಒರಿಜಿನಲ್ಲನ್ನೇ ಕೈ ಹಿಡಿದು ಕೊಟ್ಟೆ. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲಲ್ಲಿರುವ ಅಷ್ಟು ದನಿಗಳಲ್ಲಿ ಒಂದೂ ಏಳುವುದಿಲ್ಲ.

ದೀಪಾವಳಿಗೆ ಮುಂಚೆಯೇ ಕಾಕಾ ಕೊಟ್ಟೂರಿಗೆ ವಾಪಸು ಬಂದ. ಅಷ್ಟರಲ್ಲಿ ಇಲ್ಲೂ ಗಲ್ಲಾದ ಮೇಲೆ ಟೋಕನ್ ಮಷೀನು ಕೂತಿತ್ತು. ಸಪ್ಲೈಯರ್ ಇಲ್ಲದೆ ಯಜಮಾನರು ಮತ್ತೇನು ಮಾಡಬೇಕಿತ್ತು. ಆದರೂ ಅವರು ಕಾಕಾನನ್ನು ಬಿಡಲಿಲ್ಲ. ಟೋಕನ್ ತೆಗೆದುಕೊಂಡು ಅಡುಗೆಮನೆಯ ಕಿಟಕಿಯ ಮೊಳೆಗೆ ಚುಚ್ಚುವುದು, ತಟ್ಟೆ ತಂದಿಡುವುದು, ಅಷ್ಟೇ ಕೆಲಸ. ಕಾಕಾ ಬಾಯಿ ಬಿಡಲಿಲ್ಲ. ಹಸಿರು ಟವೆಲಿನ ಅಜ್ಜ ಕಿಟಕಿ ಪಕ್ಕ ಕೂತು, "ನನಗ ಹಲ್ಲಿಲ್ಲ ಅಂತ ಹೇಳೋ ಮಾರಾಯ," ಅಂತ ತಾನೇ ಕೇಳಿಕೊಂಡ. ಕಾಕಾ ಟೋಕನ್ ಹಿಂದೆ ಪೆನ್ನಿನಲ್ಲಿ 'ಮೆತ್ತಗೆ' ಅಂತ ಬರೆದು ಚುಚ್ಚಿದ.

ನಾನು ಕಾಡುವುದನ್ನು ಬಿಡಲಿಲ್ಲ. "ಕಾಕಾ, ಒಂದ ಸಲ. ಈ ಗ್ವಾಡಿ ಬೇಸರ ಮಾಡ್ಕಂಡಾವ."

"ಮಷೀನ್ ಐತಲ್ಲೋ. ಯಾರಿಗಂತ ಕೂಗ್ಲಿ?"

"ಚಾಚಾ ಅದಾರಲ್ಲ."

"ಅವ್ರಿಗೆ ಚೀಟಿ ಹೋಗತೈತಿ," ಅಂದ. "ಚೀಟಿ ಇದ್ದಾಗ ದನಿ ಯಾಕ. ಅಲ್ಲೀದು ಇಲ್ಲೀಗೂ ಬಂತಷ್ಟ."

ನನಗೆ ಹಟ ಬಂತು. ಕಾಕಾನ ಮೌನವನ್ನೇ ಮಿಮಿಕ್ರಿ ಮಾಡಿದೆ. ಟೋಕನ್ ಹಿಡಿದು, ತುಟಿ ಬಿಗಿದು, ಕತ್ತು ಬಗ್ಗಿಸಿ ಹೋಗಿ ಮೊಳೆಗೆ ಚುಚ್ಚುವುದು. ಗೆಳೆಯರು ಬಿದ್ದು ಬಿದ್ದು ನಕ್ಕರು. ಕಾಕಾನೂ ನೋಡಿದ. "ಇದು ಸರಿ ಬಂತು ನೋಡಲೇ," ಅಂದ. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಬೇಸಿಗೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ. ನಾನು ಹಡಗಲಿಯಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿದ್ದೆ. ಸುದ್ದಿ ಬಂದಾಗ ಕಂಡಕ್ಟರನ ದನಿ ತೆಗೆಯುತ್ತಿದ್ದೆ. ಮರುದಿನ ತಂಗಿಯ ಊರು ಹೊಸಹಳ್ಳಿಯಲ್ಲಿ ಮಣ್ಣು. ನಾವು ನಾಲ್ವರು ಗೆಳೆಯರು ಹೋಗಿ ಹಿಡಿ ಮಣ್ಣು ಹಾಕಿ, ಮಿಂದು, ಖಾಲಿ ಹೊಟ್ಟೆಯಲ್ಲಿ ಕೊಟ್ಟೂರಿಗೆ ಬಂದಿಳಿದೆವು. ಕಾಲು ತಾನೇ ಹೋಟೆಲಿನ ಕಡೆ ತಿರುಗಿತು. ಮೂಲೆಯ ಟೇಬಲ್ಲಿನಲ್ಲಿ ಕೂತೆವು. ಟೋಕನ್ ತರಲು ಯಾರೂ ಏಳಲಿಲ್ಲ.

ಒಬ್ಬ ಅಂದ, "ಲೇ ರೇಡಿಯೋ, ಕಾಕಾನ ದನಿ ಹಚ್ಚೋ. ಒಮ್ಮಿ."

ನಗಿಸಬೇಕು ಅಂತ ಅನ್ನಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಕೂಗಿದೆ. "ಮೂಲ್ಯಾಗ ನಾಕು ಮಂದಿ, ಮಣ್ಣಿಗೆ ಹೋಗಿ ಬಂದಾರ, ಮುಂಜಾನಿಂದ ಉಂಡಿಲ್ಲ. ನಾಕು ಒಗ್ಗರಣಿ, ನಾಕು ಮಿರ್ಚಿ, ಖಾರ ಕಮ್ಮಿ."

ಹೋಟೆಲಿನಲ್ಲಿ ಯಾರೂ ನಗಲಿಲ್ಲ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ನಾವೂ ತಲೆ ತಗ್ಗಿಸಿ ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಿರ್ಚಿ ಚಾಚಾ ತಾವೇ ಬಂದರು, ಎರಡೂ ಕೈಯಲ್ಲಿ ತಟ್ಟೆ ಜೋಡಿಸಿಕೊಂಡು. ನಾಲ್ಕು ತಟ್ಟೆ.

"ಚಾಚಾ, ಇವ್ರದು ಟೋಕನ್ ಆಗಿಲ್ಲಲ್ಲ," ಅಂದರು ಯಜಮಾನರು, ಮೆಲ್ಲಗೆ.

"ಕೂಗಿದ್ರಲ್ಲ ಸಾವ್ಕಾರ್ರ," ಅಂದರು ಚಾಚಾ. ಆ ದನಿಯನ್ನು ನಾನು ಮೊದಲ ಸಲ ಕೇಳಿದ್ದು. ತಟ್ಟೆ ಇಟ್ಟು, ಹೆಗಲಿನ ವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದರು. "ಅವ ಬೆಂಗ್ಳೂರಿಂದ ಬಂದಾಗಿಂದ ದಿನಾ ಕಿವಿ ಇಟ್ಕಂಡು ಕುಂತಿದ್ದೆ ಬೇಟಾ. ಚೀಟಿ ನನಗ ಓದಾಕ ಬರಂಗಿಲ್ಲ, ಗುರುತಿನ ಮ್ಯಾಲ ಮಾಡ್ತೀನಿ. ಒಂದ ಸಲ ಕೂಗ್ತಾನ ಅಂತ ಕಾದೆ. ಕೂಗ್ಲೇ ಇಲ್ಲ."

"ಅವಗ ಹೇಳ್ಬೇಕಿತ್ತಲ್ಲ ಚಾಚಾ."

"ಕೂಗಿದ್ರ ಹೇಳ್ತಿದ್ದೆ," ಅಂದು ಒಳಗೆ ಹೋದರು.

ಮಿರ್ಚಿ ಮುರಿದು ಬಾಯಿಗಿಟ್ಟೆ. ಬೀಜ ತೆಗೆದಿದ್ದರು. ಖಾರ ಕಮ್ಮಿ ಇತ್ತು.